ನೂರು ವರ್ಷ ಹಳೆಯ ಅಮೆರಿಕದ ಕಾಲೇಜು ಪತ್ರಿಕೆಗಳನ್ನು ಮನೆಯಲ್ಲೇ ಕೂತು ಓದುವುದು ಹೇಗೆ

1920ರ ದಶಕದ ಅಮೆರಿಕದ ಕಾಲೇಜು ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಸಿನಿಮಾದಲ್ಲಿ ಕಂಡ ಚಿತ್ರವೇ ನೆನಪಾಗುತ್ತದೆ. ಕಾಲಿನವರೆಗೆ ಇಳಿಬಿದ್ದ ರಕೂನ್ ತುಪ್ಪಳದ ಕೋಟು, ಅಮೆರಿಕದ್ದೇ ಆದ ಕೈಯಲ್ಲಿ ಚೆಂಡು ಹಿಡಿದು ಓಡುವ ಫುಟ್‌ಬಾಲ್, ಜಾಜ್, ಕದ್ದು ಕುಡಿಯುವ ಜಿನ್. ಅದು ಪೂರ್ತಿ ಸುಳ್ಳೇನಲ್ಲ. ಆದರೆ ಆ ಹುಡುಗ ಹುಡುಗಿಯರೇ ದಿನಾ ಬರೆದು, ರಾತ್ರಿ ಪ್ರೂಫ್ ತಿದ್ದಿ, ಬೆಳಿಗ್ಗೆ ಹಂಚಿದ ಪತ್ರಿಕೆಗಳು ಇವತ್ತು ಪುಟಪುಟವೂ ಸ್ಕ್ಯಾನ್ ಆಗಿ ದುಡ್ಡಿಲ್ಲದೆ ಸಿಗುತ್ತಿವೆ. ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷಗಳನ್ನು ಇಷ್ಟು ಹತ್ತಿರದಿಂದ ತೋರಿಸುವ ಇನ್ನೊಂದು ದಾಖಲೆ ನನಗಂತೂ ಗೊತ್ತಿಲ್ಲ. ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ಕೂತು ಅವನ್ನು ಸರಿಯಾಗಿ ಓದುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

ಮೊದಲೇ ಒಂದು ಮಾತು. ಸರ್ಚ್ ಬಾಕ್ಸಿಗೆ ಒಂದು ಪದ ಹಾಕಿ, ಸಿಕ್ಕ ನಾಲ್ಕು ಸ್ವಾರಸ್ಯದ ತುಣುಕು ಎತ್ತಿಕೊಂಡು ಹೋಗಬೇಡಿ. ಒಂದೇ ಪತ್ರಿಕೆ ಹಿಡಿಯಿರಿ, ಅದರ ಒಂದೇ ವರ್ಷ ಹಿಡಿಯಿರಿ, ಸಂಚಿಕೆಯಿಂದ ಸಂಚಿಕೆಗೆ ಓದಿ. ತುಣುಕಿನಲ್ಲಿ ಸಿಗುವುದು ನಿಮಗೆ ಮೊದಲೇ ಗೊತ್ತಿದ್ದ 1920ರ ದಶಕ. ವರ್ಷಪೂರ್ತಿ ಓದಿದರೆ ಯಾವ ವಿಷಯ ತಿಂಗಳುಗಟ್ಟಲೆ ಎಳೆಯಿತು, ಯಾವುದು ಎರಡೇ ದಿನಕ್ಕೆ ಸತ್ತಿತು, ಯಾವುದರ ಬಗ್ಗೆ ಒಂದು ಸಾಲೂ ಬರಲಿಲ್ಲ ಅನ್ನುವುದೆಲ್ಲ ತಾನಾಗಿ ಕಾಣುತ್ತದೆ. ಮುಂದೆ ನಾನು ಹೇಳುವುದೆಲ್ಲ ಈ ಒಂದು ಮಾತಿನ ಮೇಲೇ ನಿಂತಿದೆ.

ಯಾವ ಪತ್ರಿಕೆ ಹಿಡಿಯಬೇಕು

ಕಾರ್ನೆಲ್ ಡೈಲಿ ಸನ್ (1880ರಲ್ಲಿ ಶುರುವಾದದ್ದು), ಕೊಲಂಬಿಯಾದ ಸ್ಪೆಕ್ಟೇಟರ್ (1877), ಮಿಷಿಗನ್ ಡೈಲಿ (1890), ಡೈಲಿ ಇಲಿನಿ (1871), ಪ್ರಿನ್ಸ್‌ಟನ್ನಿನ ಡೈಲಿ ಪ್ರಿನ್ಸ್‌ಟೋನಿಯನ್ (1876), ಸ್ಟ್ಯಾನ್‌ಫರ್ಡ್ ಡೈಲಿ, ಯೇಲ್ ಡೈಲಿ ನ್ಯೂಸ್ (1878), ನಾರ್ತ್ ಕ್ಯಾರೊಲಿನಾದ ಟಾರ್ ಹೀಲ್ (1893). ಇವೆಲ್ಲವುಗಳ ಹಳೆಯ ಸಂಚಿಕೆಗಳು ಆನ್‌ಲೈನಿನಲ್ಲಿವೆ. ಪತ್ರಿಕೆಯ ಹೆಸರಿನ ಜೊತೆ ‘ಆರ್ಕೈವ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಸಾಕು. ತೆರೆದ ಪುಟ ಆ ವಿಶ್ವವಿದ್ಯಾಲಯದ ಗ್ರಂಥಾಲಯದ್ದೋ ಪತ್ರಿಕೆಯದ್ದೋ ಹೌದಾ ಅಂತ ಮಾತ್ರ ನೋಡಿಕೊಳ್ಳಿ. ದುಡ್ಡು ಕೇಳುವ ಖಾಸಗಿ ಸೈಟುಗಳ ಅಗತ್ಯವೇ ಇಲ್ಲ.

ಊರು ನೋಡಿ ಆರಿಸುವುದು ಒಳ್ಳೆಯದು. ಕೊಲಂಬಿಯಾ ಇರುವುದು ನ್ಯೂಯಾರ್ಕಿನ ನಡುವೆ, ಹಾಗಾಗಿ ರಾಜಕೀಯದ ಬಿಸಿ ಅಲ್ಲಿ ಜಾಸ್ತಿ. ಇಲಿನಾಯ್, ಮಿಷಿಗನ್ ಎರಡೂ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳು. ಹುಡುಗಿಯರೂ ಹುಡುಗರೂ ಒಟ್ಟಿಗೆ ಓದುತ್ತಿದ್ದ ಜಾಗ, ಫುಟ್‌ಬಾಲಿನ ಹುಚ್ಚು ವಿಪರೀತ. ಯೇಲ್, ಪ್ರಿನ್ಸ್‌ಟನ್ನಿನ ಕಾಲೇಜುಗಳಲ್ಲಿ ಆಗ ಬರೀ ಹುಡುಗರು, ಅದರಲ್ಲೂ ಹಣವಂತರ ಮನೆಯವರು ಹೆಚ್ಚು. ಕಾರ್ನೆಲ್ ಸನ್‌ನದ್ದು ಬೇರೆಯದೇ ಲೆಕ್ಕ. ಇಥಾಕ ಊರಿಗೆ ಬೆಳಗಿನ ಪತ್ರಿಕೆ ಅಂತ ಇದ್ದದ್ದು ಅದೊಂದೇ, ಅಸೋಸಿಯೇಟೆಡ್ ಪ್ರೆಸ್ ಅನ್ನುವ ಸುದ್ದಿಸಂಸ್ಥೆಯ ಸದಸ್ಯತ್ವವೂ ಅದಕ್ಕಿತ್ತು. ಅದಕ್ಕೇ ಅಲ್ಲಿ ಹಾಸ್ಟೆಲ್ ಸುದ್ದಿಯ ಪಕ್ಕದಲ್ಲೇ ಲೋಕದ ಸುದ್ದಿಯೂ ಇರುತ್ತದೆ. ಮೊದಲ ಸಲ ಓದುವವರಿಗೆ ನಾನು ಹೇಳುವುದು ಸನ್ ಅಥವಾ ಸ್ಪೆಕ್ಟೇಟರ್.

ಕರಿಯ ವಿದ್ಯಾರ್ಥಿಗಳ ಕಾಲೇಜುಗಳನ್ನು ಬಿಟ್ಟು ಈ ಕಾಲವನ್ನು ಓದಿದರೆ ಅರ್ಧವೇ ಓದಿದ ಹಾಗೆ. ವಾಷಿಂಗ್ಟನ್ನಿನ ಹೊವರ್ಡ್ ವಿಶ್ವವಿದ್ಯಾಲಯದ ಹಿಲ್‌ಟಾಪ್ ಪತ್ರಿಕೆ 1924ರಲ್ಲಿ ಶುರುವಾಯಿತು. ಅದನ್ನು ಹುಟ್ಟುಹಾಕಿದ ಇಬ್ಬರಲ್ಲಿ ಒಬ್ಬರು ಜೋರಾ ನೀಲ್ ಹರ್ಸ್‌ಟನ್, ಮುಂದೆ ದೊಡ್ಡ ಕಾದಂಬರಿಗಾರ್ತಿ ಆದವರು.

ತೆರೆಯುವ ಮೊದಲು ಇಷ್ಟು ಗೊತ್ತಿರಲಿ

ಅಲ್ಲಿ ಓದಿನ ವರ್ಷ ಸೆಪ್ಟೆಂಬರಿನಲ್ಲಿ ಶುರುವಾಗಿ ಜೂನ್‌ಗೆ ಮುಗಿಯುತ್ತದೆ. ಹಾಗಾಗಿ ‘1931’ ಅಂತ ಹಿಡಿಯಬೇಡಿ, 1931–32 ಅಂತ ಹಿಡಿಯಿರಿ. ಬಹಳಷ್ಟು ಪತ್ರಿಕೆಗಳಲ್ಲಿ ಸಂಪಾದಕ ಮಂಡಳಿ ಬದಲಾಗುತ್ತಿದ್ದದ್ದು ಚಳಿಗಾಲ ಕಳೆದ ಮೇಲೆ, ವಸಂತದ ಹೊತ್ತಿಗೆ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಸಂಚಿಕೆಗಳಲ್ಲಿ ದನಿ ಇದ್ದಕ್ಕಿದ್ದಂತೆ ಬೇರೆಯಾದರೆ ಗಾಬರಿ ಬೇಡ, ಸಂಪಾದಕರ ಹೆಸರಿನ ಪಟ್ಟಿ ನೋಡಿ.

ಈ ಇಪ್ಪತ್ತು ವರ್ಷಗಳಲ್ಲಿ ಕಾಲೇಜು ಅನ್ನುವುದೇ ಬದಲಾಗಿ ಹೋಯಿತು. 1919–20ರಲ್ಲಿ ಇಡೀ ಅಮೆರಿಕದಲ್ಲಿ ಕಾಲೇಜು ವಿದ್ಯಾರ್ಥಿಗಳು ಸುಮಾರು 6 ಲಕ್ಷ. 1929–30ಕ್ಕೆ ಅದು 11 ಲಕ್ಷ, 1939–40ಕ್ಕೆ ಸುಮಾರು 15 ಲಕ್ಷ. ಜೊತೆಗೆ 1920ರ ಜನವರಿಯಿಂದ 1933ರ ಡಿಸೆಂಬರ್‌ವರೆಗೆ ದೇಶದಲ್ಲಿ ಪಾನನಿಷೇಧ. 1929ರ ಅಕ್ಟೋಬರಿನಲ್ಲಿ ಷೇರು ಪೇಟೆ ಕುಸಿದು ಮುಂದೆ ಹತ್ತು ವರ್ಷ ಮುಗ್ಗಟ್ಟು. 1935ರಲ್ಲಿ ರೂಸ್‌ವೆಲ್ಟ್ ಸರ್ಕಾರ ನ್ಯಾಷನಲ್ ಯೂತ್ ಅಡ್ಮಿನಿಸ್ಟ್ರೇಷನ್ ಶುರು ಮಾಡಿ, ಕಾಲೇಜಿನಲ್ಲೇ ಸಣ್ಣಪುಟ್ಟ ಕೆಲಸ ಕೊಟ್ಟು ಬಡ ವಿದ್ಯಾರ್ಥಿಗಳ ಓದು ನಿಲ್ಲದ ಹಾಗೆ ನೋಡಿಕೊಂಡಿತು. ಇಷ್ಟು ತಲೆಯಲ್ಲಿದ್ದರೆ ಹೆಚ್ಚಿನ ಸುದ್ದಿಗಳ ಹಿನ್ನೆಲೆ ತಿಳಿಯುತ್ತದೆ.

ಹೆಸರಿನ ಪಕ್ಕ ’24 ಅಂತ ಇದ್ದರೆ ಆತ 1924ರಲ್ಲಿ ಪದವಿ ಮುಗಿಸುವ ತಂಡದವನು ಅಂತ. ಫ್ರೆಶ್‌ಮನ್ ಅಂದರೆ ಮೊದಲ ವರ್ಷದವನು. ಅನೇಕ ಕಾಲೇಜುಗಳಲ್ಲಿ ಅವನು ಬೀನಿ ಅನ್ನುವ ಸಣ್ಣ ಟೋಪಿ ಹಾಕಲೇಬೇಕಿತ್ತು, ಹಾಕದೆ ಸಿಕ್ಕಿಬಿದ್ದರೆ ಮೇಲಿನ ವರ್ಷದವರ ಕಾಟ. ರಷ್ ಅಂದರೆ ಫ್ರೆಟರ್ನಿಟಿಗಳು, ಅಂದರೆ ಹುಡುಗರ ಖಾಸಗಿ ಸಂಘಗಳು, ಹೊಸಬರನ್ನು ಸೇರಿಸಿಕೊಳ್ಳುವ ಸುಗ್ಗಿಕಾಲ. ಯಾರನ್ನು ಸೇರಿಸಿಕೊಂಡರು ಅನ್ನುವ ಹೆಸರುಗಳ ಪಟ್ಟಿಯೇ ಕಾಲಂಗಟ್ಟಲೆ ಬರುತ್ತದೆ. ಅದನ್ನು ಹಾರಿಸಬೇಡಿ. ಯಾವ ಹೆಸರುಗಳು ಆ ಪಟ್ಟಿಯಲ್ಲಿ ಇರುವುದೇ ಇಲ್ಲ ಅಂತ ಗಮನಿಸಿ. ಯಹೂದಿ ವಿದ್ಯಾರ್ಥಿಗಳು ತಮ್ಮದೇ ಫ್ರೆಟರ್ನಿಟಿ ಕಟ್ಟಿಕೊಂಡದ್ದು ಯಾಕೆ ಅಂತ ಅಲ್ಲೇ ಗೊತ್ತಾಗುತ್ತದೆ.

ಒಂದು ಸಂಚಿಕೆಯನ್ನು ಓದುವ ಕ್ರಮ

ಮುಖಪುಟದಿಂದ ಶುರು ಮಾಡಬೇಡಿ. ಮೊದಲು ಒಳಪುಟದ ಸಂಪಾದಕೀಯದ ಮೇಲಿರುವ ಪಟ್ಟಿ ನೋಡಿ: ಯಾರು ಸಂಪಾದಕ, ಯಾರು ಬಿಸಿನೆಸ್ ಮ್ಯಾನೇಜರ್, ಆ ರಾತ್ರಿಯ ಡ್ಯೂಟಿ ಯಾರದ್ದು, ವಾರಕ್ಕೆ ಎಷ್ಟು ದಿನ ಬರುತ್ತದೆ, ಚಂದಾ ಎಷ್ಟು. ಹುಡುಗಿಯರ ಹೆಸರು ಎಲ್ಲಿದೆ ನೋಡಿ. ಮಿಷಿಗನ್ ಡೈಲಿಯಂಥ ಕಡೆ ಅವರಿಗೆ ಅಂತಲೇ ಪ್ರತ್ಯೇಕ ವಿಭಾಗ, ಪ್ರತ್ಯೇಕ ಸಂಪಾದಕಿ. ಪತ್ರಿಕೆಯ ಬೆನ್ನೆಲುಬಾಗಿ ದುಡಿಯುತ್ತಿದ್ದ ಹುಡುಗಿಯರಿಗೆ ಹಲವು ಕಡೆ ಪೂರ್ತಿ ಪತ್ರಿಕೆ ಕೈಗೆ ಸಿಕ್ಕಿದ್ದು ಎರಡನೇ ಮಹಾಯುದ್ಧದಲ್ಲಿ ಹುಡುಗರು ಸೈನ್ಯಕ್ಕೆ ಹೋದ ಮೇಲೆಯೇ. ಹುಡುಗಿಯರ ಕಾಲೇಜುಗಳಲ್ಲಿ ಹಾಗಿರಲಿಲ್ಲ. ಬಾರ್ನಾರ್ಡ್ ಕಾಲೇಜಿನ ಬುಲೆಟಿನ್, ವ್ಯಾಸರ್ ಕಾಲೇಜಿನ ಮಿಸೆಲನಿ ನ್ಯೂಸ್ ಪೂರ್ತಿ ಹುಡುಗಿಯರದ್ದೇ. ಅವೂ ಆನ್‌ಲೈನಿನಲ್ಲಿವೆ.

ಆಮೇಲೆ ಜಾಹೀರಾತು. ಇದನ್ನು ಬಿಡಲೇಬೇಡಿ. ಪತ್ರಿಕೆ ನಡೆಯುತ್ತಿದ್ದದ್ದೇ ಅದರ ದುಡ್ಡಿನಿಂದ. 1920ರ ದಶಕದ ಮೊದಲಲ್ಲಿ ಊರಿನ ದರ್ಜಿ, ಟೋಪಿ ಅಂಗಡಿ, ಸೋಡಾ ಅಂಗಡಿ ತುಂಬಿರುತ್ತವೆ. ದಶಕದ ಕೊನೆಗೆ ಬಂದರೆ ಸಿಗರೇಟೇ ಸಿಗರೇಟು: ಲಕ್ಕಿ ಸ್ಟ್ರೈಕ್, ಚೆಸ್ಟರ್‌ಫೀಲ್ಡ್, ಕ್ಯಾಮೆಲ್, ಓಲ್ಡ್ ಗೋಲ್ಡ್. ಹುಡುಗಿಯರು ಸೇದಬಹುದಾ ಅಂತ ಕಾಲೇಜುಗಳಲ್ಲಿ ಜಗಳ ನಡೆಯುತ್ತಿದ್ದ ಹೊತ್ತಿನಲ್ಲೇ ಜಾಹೀರಾತುಗಳು ನೇರವಾಗಿ ಹುಡುಗಿಯರನ್ನೇ ಹಿಡಿದವು. ಬೆಲೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಊಟ, ಸೂಟು, ಪ್ರಾಮ್ ನೃತ್ಯದ ಟಿಕೆಟ್ಟು, ಬಾಡಿಗೆ ಕೋಣೆ, ಹೀಗೆ. 1928ರ ಬೆಲೆಗಳ ಪಕ್ಕ 1933ರ ಬೆಲೆಗಳನ್ನು ಇಟ್ಟು ನೋಡಿದರೆ ಮುಗ್ಗಟ್ಟು ಅಂದರೆ ಏನು ಅಂತ ಯಾವ ಪಠ್ಯಪುಸ್ತಕವೂ ಬೇಡ.

ಮೂರನೆಯದು ಓದುಗರ ಪತ್ರ. ನಾಲ್ಕನೆಯದು ಸಂಪಾದಕೀಯ. ಮುಖಪುಟ ಕೊನೆಗೆ. ಯಾಕೆ ಅಂದರೆ ಮುಖಪುಟದಲ್ಲಿ ಬಹಳ ಸಲ ಇರುವುದು ಕಾಲೇಜು ಕಚೇರಿ ಕೊಟ್ಟ ಪ್ರಕಟಣೆ ಮತ್ತು ಫುಟ್‌ಬಾಲ್. ವಿದ್ಯಾರ್ಥಿಗಳ ಸ್ವಂತ ತಲೆ ಇರುವುದು ಒಳಗೆ.

ಹಾಗಂತ ಫುಟ್‌ಬಾಲ್ ಬಿಟ್ಟು ಓಡಬೇಡಿ. 1924ರ ಅಕ್ಟೋಬರ್ 18ರಂದು ಇಲಿನಾಯ್‌ನ ರೆಡ್ ಗ್ರೇಂಜ್ ಮಿಷಿಗನ್ ವಿರುದ್ಧ ಮೊದಲ 12 ನಿಮಿಷದಲ್ಲೇ ನಾಲ್ಕು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ ಅಂಕ ಗಳಿಸುವುದು) ಹೊಡೆದ. ಅದೂ ಇಲಿನಾಯ್‌ನ ಹೊಸ ಮೆಮೋರಿಯಲ್ ಸ್ಟೇಡಿಯಂ ಸಮರ್ಪಣೆಯ ದಿನ. ಆ ವಾರದ ಡೈಲಿ ಇಲಿನಿಯನ್ನೂ ಮಿಷಿಗನ್ ಡೈಲಿಯನ್ನೂ ಅಕ್ಕಪಕ್ಕ ತೆರೆದು ಓದಿ. ಒಂದೇ ಆಟ, ಎರಡು ಊರು. ಕಾಲೇಜು ಕ್ರೀಡೆಯಲ್ಲಿ ದುಡ್ಡಿನ ಆಟ ಎಷ್ಟು ನಡೆದಿದೆ ಅಂತ ಕಾರ್ನೆಗಿ ಫೌಂಡೇಷನ್ ವರದಿ 1929ರ ಅಕ್ಟೋಬರಿನಲ್ಲಿ ಬಂತು. ಆ ವರದಿಗೆ ಯಾವ ವಿದ್ಯಾರ್ಥಿ ಪತ್ರಿಕೆ ಹೇಗೆ ಪ್ರತಿಕ್ರಿಯಿಸಿತು ಅಂತ ನೋಡುವುದೇ ಒಂದು ಒಳ್ಳೆಯ ಪುಟ್ಟ ಸಂಶೋಧನೆ ಆಗುತ್ತದೆ.

ಇದನ್ನು ಬರೆದವರು ಯಾರು

ಪತ್ರಿಕೆ ಸೇರುವುದು ಸುಲಭವಿರಲಿಲ್ಲ. ತಿಂಗಳುಗಟ್ಟಲೆ ಪೈಪೋಟಿ. ಯೇಲ್‌ನಲ್ಲಿ ಅದಕ್ಕೆ ‘ಹೀಲಿಂಗ್’ ಅಂತ ಹೆಸರು. ಸುದ್ದಿ ತಂದದ್ದಕ್ಕೆ ಅಂಕ, ಜಾಹೀರಾತು ತಂದದ್ದಕ್ಕೆ ಅಂಕ, ಕೊನೆಗೆ ಉಳಿಯುವವರು ಕೆಲವೇ ಜನ. ಹಾಗೆ ಉಳಿದ ಬ್ರಿಟನ್ ಹ್ಯಾಡನ್ ಯೇಲ್ ಡೈಲಿ ನ್ಯೂಸ್‌ನ ಚೇರ್ಮನ್ ಆದ, ಹೆನ್ರಿ ಲೂಸ್ ಮ್ಯಾನೇಜಿಂಗ್ ಎಡಿಟರ್ ಆದ. ಇಬ್ಬರೂ 1920ರಲ್ಲಿ ಪದವಿ ಮುಗಿಸಿದರು. 1923ರ ಮಾರ್ಚ್ 3ಕ್ಕೆ ಅವರ ಟೈಮ್ ವಾರಪತ್ರಿಕೆಯ ಮೊದಲ ಸಂಚಿಕೆ ಹೊರಬಂತು. ಮುಂದೆ ಟಿವಿ ಸುದ್ದಿಯ ದೊಡ್ಡ ಹೆಸರಾದ ವಾಲ್ಟರ್ ಕ್ರಾಂಕೈಟ್ 1930ರ ದಶಕದಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಡೈಲಿ ಟೆಕ್ಸನ್‌ನಲ್ಲಿ ಬರೆಯುತ್ತಿದ್ದ. ಆದರೆ ಹೆಸರಾಂತರನ್ನೇ ಹುಡುಕುತ್ತಾ ಕೂರಬೇಡಿ. ಎಲ್ಲೂ ಹೆಸರು ಮಾಡದೆ ಹೋದ ಇಪ್ಪತ್ತರ ಹುಡುಗರು ಬರೆದ ಸಂಪಾದಕೀಯಗಳಲ್ಲಿ ಇವತ್ತಿಗೂ ಎದೆ ಮುಟ್ಟುವಂಥವು ಇವೆ.

ದಿನಪತ್ರಿಕೆಯ ಜೊತೆಗೆ ಅದೇ ಕಾಲೇಜಿನ ಹಾಸ್ಯ ಪತ್ರಿಕೆಯನ್ನೂ ಇಟ್ಟುಕೊಳ್ಳಿ. ಹಾರ್ವರ್ಡ್ ಲ್ಯಾಂಪೂನ್, ಪ್ರಿನ್ಸ್‌ಟನ್ ಟೈಗರ್, ಕಾರ್ನೆಲ್ ವಿಡೋ, ಸ್ಟ್ಯಾನ್‌ಫರ್ಡ್ ಚಾಪರಾಲ್ ಹೀಗೆ ದೊಡ್ಡ ಕಾಲೇಜಿಗೆಲ್ಲ ಒಂದೊಂದು ಇತ್ತು. ಡಾರ್ಟ್‌ಮತ್ ಕಾಲೇಜಿನ ಹಾಸ್ಯ ಪತ್ರಿಕೆ ಜ್ಯಾಕ್-ಒ-ಲ್ಯಾಂಟರ್ನ್‌ನ ಸಂಪಾದಕ ಥಿಯೊಡರ್ ಗೈಸೆಲ್ 1925ರ ವಸಂತದಲ್ಲಿ ಗೆಳೆಯರ ಜೊತೆ ಜಿನ್ ಕುಡಿದು ಸಿಕ್ಕಿಬಿದ್ದ. ಪಾನನಿಷೇಧದ ಕಾಲ. ಸಂಪಾದಕನ ಕೆಲಸ ಹೋಯಿತು. ಆದರೂ ಚಿತ್ರ ಬರೆಯುವುದನ್ನು ಬಿಡಲಿಲ್ಲ, ಸ್ಯೂಸ್ ಅನ್ನುವ ಹೆಸರಿನಲ್ಲಿ ಹಾಕುತ್ತಾ ಹೋದ. ಲೋಕದ ಮಕ್ಕಳಿಗೆಲ್ಲ ಗೊತ್ತಿರುವ ಡಾಕ್ಟರ್ ಸ್ಯೂಸ್ ಆತನೇ. ಈ ಹಾಸ್ಯ ಪತ್ರಿಕೆಗಳಲ್ಲಿ ಹುಡುಗಿಯರ ಬಗ್ಗೆ, ಕರಿಯರ ಬಗ್ಗೆ, ಯಹೂದಿಗಳ ಬಗ್ಗೆ ಕೆಟ್ಟ ಕೀಳು ಜೋಕುಗಳು ಬೇಕಾದಷ್ಟಿವೆ. ಅವನ್ನು ನೋಡಿ ಪುಟ ತಿರುಗಿಸಿಬಿಡಬೇಡಿ. ಯಾವ ತಿಂಗಳು, ಯಾವ ಪುಟ ಅಂತ ಗುರುತು ಹಾಕಿಕೊಳ್ಳಿ. ಆ ಕಾಲೇಜಿನ ಗೇಟಿನೊಳಗೆ ಯಾರಿಗೆ ಜಾಗ ಇರಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಸಿಗುವುದಿಲ್ಲ.

ಒಂದು ವರ್ಷವನ್ನು ಹಿಡಿದು ಓದಿ: ಸ್ಪೆಕ್ಟೇಟರ್, 1931–32

ಎಲ್ಲಿಂದ ಶುರು ಮಾಡಲಿ ಅಂತ ಕೇಳುವವರಿಗೆ ನಾನು ತೋರಿಸುವುದು ಈ ವರ್ಷವನ್ನೇ. ಸಂಪಾದಕನ ಹೆಸರು ರೀಡ್ ಹ್ಯಾರಿಸ್. ಆಗ ಕೊಲಂಬಿಯಾದ ಅಧ್ಯಕ್ಷ ನಿಕೊಲಸ್ ಮರ್ರೆ ಬಟ್ಲರ್, ಅದೇ 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡವರು. ಕಾಲೇಜಿನ ಡೀನ್ ಹರ್ಬರ್ಟ್ ಹಾಕ್ಸ್.

1931ರ ಸೆಪ್ಟೆಂಬರಿನಿಂದ ಮೊದಲು ಸಂಪಾದಕೀಯಗಳನ್ನಷ್ಟೇ ಓದುತ್ತಾ ಬನ್ನಿ. ಕಾಲೇಜು ಫುಟ್‌ಬಾಲ್ ಹೆಸರಿಗೆ ಮಾತ್ರ ಹವ್ಯಾಸ, ಒಳಗೆ ದುಡ್ಡಿನ ದಂಧೆ ಅಂತ ಹ್ಯಾರಿಸ್ ಬರೆಯುತ್ತಾನೆ. ಕ್ಯಾಂಪಸ್ಸಿನಲ್ಲಿ ಆಟಗಾರರ ಮೇಲೆ ಎಂಥ ಭಕ್ತಿ ಇತ್ತು ಅಂತ ನೆನಪಿಟ್ಟುಕೊಂಡು ಓದಿ, ಆಗ ಧೈರ್ಯ ಎಷ್ಟು ಬೇಕಿತ್ತು ಅಂತ ತಿಳಿಯುತ್ತದೆ. ಆಮೇಲೆ ವಿದ್ಯಾರ್ಥಿಗಳ ಊಟದ ಹಾಲ್. ಅದನ್ನು ಲಾಭಕ್ಕಾಗಿ ನಡೆಸುತ್ತಿದ್ದಾರೆ, ಅಲ್ಲಿ ಬಡಿಸುವ ಕೆಲಸ ಮಾಡಿ ಓದುವ ವಿದ್ಯಾರ್ಥಿಗಳನ್ನು ಸರಿಯಾಗಿ ನಡೆಸಿಕೊಳ್ಳುತ್ತಿಲ್ಲ ಅನ್ನುವ ಆರೋಪ. ಅದೇ ವಸಂತದಲ್ಲಿ ಮುಷ್ಕರ ಹೂಡಿದ್ದ ಕೆಂಟಕಿಯ ಗಣಿ ಕೆಲಸಗಾರರ ಸ್ಥಿತಿ ನೋಡಲು ಹೊರಟ ವಿದ್ಯಾರ್ಥಿಗಳನ್ನು ಅಲ್ಲಿ ತಡೆದು ವಾಪಸ್ ಕಳಿಸಿದರು. ಆ ಸುದ್ದಿಯೂ ಇದರ ನಡುವೆ ಹೆಣೆದುಕೊಳ್ಳುತ್ತದೆ.

1932ರ ಏಪ್ರಿಲ್ 1ರಂದು ಡೀನ್ ಹಾಕ್ಸ್ ಹ್ಯಾರಿಸ್‌ನನ್ನು ಕಾಲೇಜಿನಿಂದ ಹೊರಹಾಕಿದರು. ಇಲ್ಲಿಂದ ಮುಂದೆ ಏಪ್ರಿಲ್ ತಿಂಗಳ ಪ್ರತಿ ಪುಟವನ್ನೂ ಓದಿ, ಏನನ್ನೂ ಬಿಡಬೇಡಿ. ಏಪ್ರಿಲ್ 6ಕ್ಕೆ ವಿದ್ಯಾರ್ಥಿಗಳು ಕ್ಲಾಸಿಗೆ ಹೋಗದೆ ಮುಷ್ಕರ ಮಾಡಿದರು. ಅದನ್ನು ವಿರೋಧಿಸಿದ ವಿದ್ಯಾರ್ಥಿಗಳೂ ಇದ್ದರು, ಅವರ ಮಾತನ್ನೂ ಓದಿ. ನಾಗರಿಕ ಹಕ್ಕುಗಳಿಗಾಗಿ ಹೋರಾಡುವ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಹ್ಯಾರಿಸ್ ಪರ ನಿಂತಿತು. ಅದೇ ತಿಂಗಳೊಳಗೆ ಅವನನ್ನು ವಾಪಸ್ ಸೇರಿಸಿಕೊಂಡರು, ಆತ ತಾನಾಗಿ ಕಾಲೇಜು ಬಿಟ್ಟ. ಅದೇ ವರ್ಷ ಕಾಲೇಜು ಫುಟ್‌ಬಾಲಿನ ಬಗ್ಗೆ ಒಂದು ಪುಸ್ತಕ ಬರೆದ.

ಇಷ್ಟಕ್ಕೇ ಮುಗಿಯಲಿಲ್ಲ. 1953ರಲ್ಲಿ ಹ್ಯಾರಿಸ್ ವಾಯ್ಸ್ ಆಫ್ ಅಮೆರಿಕ ರೇಡಿಯೊವನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಲ್ಲಿದ್ದಾಗ, ಸರ್ಕಾರದೊಳಗಿನ ಕಮ್ಯುನಿಸ್ಟರ ಬೇಟೆಗೆ ಇಳಿದಿದ್ದ ಸೆನೆಟರ್ ಮೆಕಾರ್ಥಿ ಅವನನ್ನು ಟಿವಿ ಕ್ಯಾಮೆರಾದ ಎದುರು ಕೂರಿಸಿ ಇಪ್ಪತ್ತೊಂದು ವರ್ಷದ ಹಿಂದಿನ ಆ ಪುಸ್ತಕವನ್ನೂ ಆ ಕಾಲೇಜು ದಿನಗಳನ್ನೂ ಕೆದಕಿದ. ಹ್ಯಾರಿಸ್ ರಾಜೀನಾಮೆ ಕೊಡಬೇಕಾಯಿತು. 1961ರಲ್ಲಿ ಹೆಸರಾಂತ ಪತ್ರಕರ್ತ ಎಡ್ವರ್ಡ್ ಮರೋ ಅವನನ್ನು ಮತ್ತೆ ಸರ್ಕಾರಿ ಕೆಲಸಕ್ಕೆ ಕರೆದರು. ಇಪ್ಪತ್ತರ ವಯಸ್ಸಿನಲ್ಲಿ ಊಟದ ಹಾಲ್ ಬಗ್ಗೆ ಬರೆದದ್ದರ ಬೆಲೆಯನ್ನು ಒಬ್ಬ ಮನುಷ್ಯ ಎಷ್ಟು ಕಾಲ ಕಟ್ಟಬೇಕಾಯಿತು ನೋಡಿ. ಇದು ಗೊತ್ತಿದ್ದು ಆ 1931ರ ಪುಟಗಳಿಗೆ ವಾಪಸ್ ಹೋದರೆ ಒಂದೊಂದು ಸಾಲೂ ಬೇರೆ ತೂಕದಲ್ಲಿ ಕಾಣುತ್ತದೆ.

ಇದನ್ನು ಹೊರಗಿನ ಪತ್ರಿಕೆಗಳ ಜೊತೆ ತಾಳೆ ನೋಡಿ. ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕ್ರಾನಿಕ್ಲಿಂಗ್ ಅಮೆರಿಕ ಸಂಗ್ರಹದಲ್ಲಿ ವಾಷಿಂಗ್ಟನ್ನಿನ ಈವನಿಂಗ್ ಸ್ಟಾರ್ ಇದೆ, ಕಮ್ಯುನಿಸ್ಟರ ಡೈಲಿ ವರ್ಕರ್ ಕೂಡ ಇದೆ. ಒಂದೇ ದಿನದ ಸುದ್ದಿಯನ್ನು ಮೂರು ಕಡೆ ಓದಿದರೆ ಯಾರು ಏನನ್ನು ಬಿಟ್ಟರು ಅಂತ ಗೊತ್ತಾಗುತ್ತದೆ.

ಬಾಯಿ ಮುಚ್ಚಿಸಿದ ಕಡೆ ಹೇಗೆ ಓದುವುದು

ಕೆಲವು ಕಡೆ ಪತ್ರಿಕೆಯೇ ಇರುವುದಿಲ್ಲ. ಸಂಚಿಕೆಗಳ ನಡುವೆ ದೊಡ್ಡ ಅಂತರ ಕಂಡರೆ ಸ್ಕ್ಯಾನ್ ಮಾಡಿಲ್ಲ ಅಂತ ತಕ್ಷಣ ಅಂದುಕೊಳ್ಳಬೇಡಿ. ಟೆನೆಸಿಯ ಫಿಸ್ಕ್ ವಿಶ್ವವಿದ್ಯಾಲಯ ಕರಿಯ ವಿದ್ಯಾರ್ಥಿಗಳದ್ದು, ಅಧ್ಯಕ್ಷ ಫಯೆಟ್ ಮೆಕೆಂಜಿ ಬಿಳಿಯ. ವಿದ್ಯಾರ್ಥಿಗಳ ಫಿಸ್ಕ್ ಹೆರಾಲ್ಡ್ ಪತ್ರಿಕೆಯನ್ನೂ ವಿದ್ಯಾರ್ಥಿ ಸಂಘವನ್ನೂ ಆತ ನಿಲ್ಲಿಸಿಬಿಟ್ಟಿದ್ದ. ಅದೇ ಹೆರಾಲ್ಡನ್ನು 1880ರ ದಶಕದಲ್ಲಿ ಸಂಪಾದಿಸಿದ್ದ, ಕರಿಯರ ಹಕ್ಕುಗಳಿಗಾಗಿ ಹೋರಾಡಿದ ಲೇಖಕ ಡು ಬಾಯ್ಸ್ 1924ರ ಜೂನ್‌ನಲ್ಲಿ ಅಲ್ಲಿಗೇ ಬಂದು, ಸಭೆಯಲ್ಲೇ ಆಡಳಿತವನ್ನು ಖಂಡಿಸಿದರು. 1925ರ ಫೆಬ್ರವರಿಯಲ್ಲಿ ವಿದ್ಯಾರ್ಥಿಗಳು ಸಿಡಿದೆದ್ದರು, ಕ್ಯಾಂಪಸ್ಸಿಗೆ ಪೊಲೀಸರು ಬಂದರು, ಏಪ್ರಿಲ್‌ನಲ್ಲಿ ಮೆಕೆಂಜಿ ರಾಜೀನಾಮೆ ಕೊಟ್ಟ. ಇಂಥ ಕಥೆಗೆ ಕಾಲೇಜಿನ ಪತ್ರಿಕೆ ಸಾಲದು. ಆ ಕಾಲದ ಕರಿಯರ ಪತ್ರಿಕೆಗಳನ್ನೂ, ಡು ಬಾಯ್ಸ್ ನಡೆಸುತ್ತಿದ್ದ ಕ್ರೈಸಿಸ್ ಮಾಸಪತ್ರಿಕೆಯನ್ನೂ ತೆರೆಯಬೇಕು.

ಯುದ್ಧದ ಮಾತು ಬಂದಾಗಂತೂ ಪತ್ರಿಕೆಗಳು ಸುಮ್ನೆ ಸುದ್ದಿ ಬರೆದು ಕೂರಲಿಲ್ಲ, ತಾವೇ ಕಣಕ್ಕಿಳಿದವು. 1933ರಲ್ಲಿ ರೋಡ್ ಐಲೆಂಡ್ ರಾಜ್ಯದ ಬ್ರೌನ್ ವಿಶ್ವವಿದ್ಯಾಲಯದ ಬ್ರೌನ್ ಡೈಲಿ ಹೆರಾಲ್ಡ್ ಮುಂದಾಗಿ ದೇಶದ 65 ಕಾಲೇಜುಗಳಲ್ಲಿ ಒಂದು ಮತ ಸಂಗ್ರಹ ಮಾಡಿಸಿತು. 21,725 ಜನ ಉತ್ತರ ಕೊಟ್ಟರು. ಯಾವ ಯುದ್ಧಕ್ಕೂ ಹೋಗುವುದಿಲ್ಲ ಅಂದವರು 8,415. ದೇಶದ ಮೇಲೆ ದಾಳಿ ಆದರೆ ಮಾತ್ರ ಅಂದವರು 7,221. ಯಾವ ಯುದ್ಧಕ್ಕಾದರೂ ಸರಿ ಅಂದವರು 6,089. ಇದಕ್ಕೆ ರೋಡ್ ಐಲೆಂಡ್ ರಾಜ್ಯದ ಶಾಸನಸಭೆ ಪತ್ರಿಕೆಯ ಮೇಲೆಯೇ ತನಿಖೆ ಹೂಡಿತು! 1934ರ ಏಪ್ರಿಲ್ 13ರಂದು ಯುದ್ಧದ ವಿರುದ್ಧ ಸುಮಾರು 25 ಸಾವಿರ ವಿದ್ಯಾರ್ಥಿಗಳು ಕ್ಲಾಸು ಬಿಟ್ಟು ಹೊರಬಂದರು. ಮರುವರ್ಷ ಏಪ್ರಿಲ್ 12ಕ್ಕೆ ಆ ಸಂಖ್ಯೆ ಒಂದೂವರೆ ಲಕ್ಷದ ಹತ್ತಿರ. ನೀವು ಯಾವ ಪತ್ರಿಕೆ ಹಿಡಿದಿದ್ದರೂ ಈ ಎರಡು ದಿನಗಳ ಹಿಂದಿನ ವಾರ, ಮುಂದಿನ ವಾರ ಓದಲೇಬೇಕು.

ಹುಡುಕುವಾಗ

ಸರ್ಚ್ ಕೆಲಸಕ್ಕೆ ಬರುತ್ತದೆ, ಆದರೆ ಅದನ್ನು ಪೂರ್ತಿ ನಂಬಬಾರದು. ಮೈಕ್ರೋಫಿಲ್ಮಿನಿಂದ ಸ್ಕ್ಯಾನ್ ಮಾಡಿದ್ದನ್ನು ಯಂತ್ರ ಓದಿ ಅಕ್ಷರ ಮಾಡಿರುತ್ತದೆ, ತಪ್ಪುಗಳು ಬೇಕಾದಷ್ಟು. ಕಾಲಂ ಸಣ್ಣದಾದ್ದರಿಂದ ಪದಗಳು ಸಾಲಿನ ಕೊನೆಗೆ ಮುರಿದಿರುತ್ತವೆ, ಅದಕ್ಕೇ ಪದದ ಅರ್ಧವನ್ನೂ ಹಾಕಿ ಹುಡುಕಿ. ‘ಟುಡೇ’, ‘ಕೋಎಡ್’ ಥರದ ಪದಗಳ ನಡುವೆ ಆಗ ಅಡ್ಡಗೆರೆ ಇರುತ್ತಿತ್ತು. ಮದುವೆಯಾದ ಹೆಂಗಸರ ಹೆಸರು ಗಂಡನ ಹೆಸರಿನಲ್ಲೇ ಇರುತ್ತದೆ. ಉಲ್ಲೇಖ ಮಾಡುವಾಗ ಯಂತ್ರದ ಅಕ್ಷರ ನಕಲು ಮಾಡಬೇಡಿ, ಪುಟದ ಚಿತ್ರ ನೋಡಿ ನೀವೇ ಟೈಪ್ ಮಾಡಿ. ಕಾರ್ನೆಲ್, ಇಲಿನಾಯ್ ಸಂಗ್ರಹಗಳಲ್ಲಿ ಓದುಗರೇ ತಪ್ಪು ತಿದ್ದುವ ಅನುಕೂಲ ಇದೆ. ನಿಮಗೆ ಬೇಕಾದ ಲೇಖನ ತಿದ್ದಿಟ್ಟರೆ ಮುಂದೆ ಬರುವವರಿಗೆ ಉಪಕಾರ.

ನಮ್ಮವರನ್ನು ಹುಡುಕುವುದಾದರೆ ‘ಇಂಡಿಯನ್’ ಅಂತ ಹಾಕಿದರೆ ಸಿಗುವುದು ಅಮೆರಿಕದ ಮೂಲನಿವಾಸಿಗಳೇ. ಆಗ ಭಾರತದವರನ್ನೆಲ್ಲ, ಸಿಖ್ಖರಾಗಲಿ ಮುಸ್ಲಿಮರಾಗಲಿ, ‘ಹಿಂದೂ’ ಅಂತಲೇ ಬರೆಯುತ್ತಿದ್ದರು. ಆ ಪದ ಹಾಕಿ, ‘ಹಿಂದೂಸ್ತಾನ್ ಅಸೋಸಿಯೇಷನ್’ ಹಾಕಿ, ಬೇರೆ ಬೇರೆ ದೇಶದ ವಿದ್ಯಾರ್ಥಿಗಳು ಸೇರುತ್ತಿದ್ದ ‘ಕಾಸ್ಮೊಪಾಲಿಟನ್ ಕ್ಲಬ್’ ಹಾಕಿ. ಹಿಂದೂಸ್ತಾನಿ ಸೇವಾದಳ ಕಟ್ಟಿದ ನಮ್ಮ ಹುಬ್ಬಳ್ಳಿಯ ನಾ. ಸು. ಹರ್ಡೀಕರ್ ಮೊದಲ ಮಹಾಯುದ್ಧದ ಹೊತ್ತಿಗೆ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿದವರು, ಲಾಲಾ ಲಜಪತ್ ರಾಯ್ ಜೊತೆ ಅಮೆರಿಕದಲ್ಲಿ ಹೋಂ ರೂಲ್ ಕೆಲಸ ಮಾಡಿದವರು. ಆ ವರ್ಷಗಳ ಮಿಷಿಗನ್ ಡೈಲಿಯನ್ನು ಕನ್ನಡದ ಓದುಗರೊಬ್ಬರು ಕೂತು ಸೋಸಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಜಯಪ್ರಕಾಶ ನಾರಾಯಣ್ 1922ರಿಂದ 1929ರವರೆಗೆ ಬರ್ಕ್ಲಿ, ಅಯೋವ, ವಿಸ್ಕಾನ್ಸಿನ್, ಓಹಾಯೊಗಳಲ್ಲಿ ಓದುತ್ತಾ, ದುಡಿಯುತ್ತಾ ಇದ್ದರು. 1923ರ ಫೆಬ್ರವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರಿಗೆ ಪೌರತ್ವ ಇಲ್ಲ ಅಂತ ತೀರ್ಪು ಕೊಟ್ಟಾಗ ಜಯಪ್ರಕಾಶರಂಥ ವಿದ್ಯಾರ್ಥಿಗಳು ಅಲ್ಲಿನ ಕ್ಲಾಸುಗಳಲ್ಲಿ ಕೂತಿದ್ದರು ಅನ್ನುವುದು ನೆನಪಿರಲಿ. 1930ರ ಮಾರ್ಚ್, ಏಪ್ರಿಲ್ ತಿಂಗಳ ಸಂಚಿಕೆಗಳಲ್ಲಿ ಉಪ್ಪಿನ ಸತ್ಯಾಗ್ರಹವನ್ನೂ ಹುಡುಕಿ ನೋಡಿ.

ಟಿಪ್ಪಣಿ ಮಾಡುವಾಗ ಪ್ರತಿ ಸಾಲಿನ ಪಕ್ಕ ಪತ್ರಿಕೆ, ತಾರೀಕು, ಪುಟ, ಕಾಲಂ ನಾಲ್ಕನ್ನೂ ಬರೆಯಿರಿ. ಲಿಂಕ್ ಒಂದನ್ನೇ ನಂಬಬೇಡಿ, ಸೈಟು ಬದಲಾದರೆ ಲಿಂಕ್ ಸಾಯುತ್ತದೆ. ಹೆಸರು ಖಚಿತ ಮಾಡಿಕೊಳ್ಳಲು ಅದೇ ವರ್ಷದ ಇಯರ್‌ಬುಕ್ ತೆರೆಯಿರಿ, ಬಹಳಷ್ಟು ಇಂಟರ್ನೆಟ್ ಆರ್ಕೈವ್‌ನಲ್ಲಿವೆ, ಪತ್ರಿಕೆಯ ಇಡೀ ತಂಡದ ಗುಂಪು ಫೋಟೋ ಕೂಡ ಅದರಲ್ಲಿ ಇರುತ್ತದೆ. ಚಿತ್ರಗಳನ್ನು ಮತ್ತೆ ಪ್ರಕಟಿಸುವುದಾದರೆ, ಅಮೆರಿಕದಲ್ಲಿ ಪ್ರಕಟವಾಗಿ 95 ವರ್ಷ ತುಂಬಿದ್ದಕ್ಕೆ ಅಲ್ಲಿ ಹಕ್ಕುಸ್ವಾಮ್ಯದ ತೊಂದರೆ ಇಲ್ಲ. ಅದಕ್ಕಿಂತ ಈಚಿನದಾದರೆ ಆ ಗ್ರಂಥಾಲಯಕ್ಕೆ ಒಂದು ಇಮೇಲ್ ಹಾಕಿ ಕೇಳಿ. ಕೇಳುವಾಗ ಸಂಚಿಕೆಯ ತಾರೀಕು, ಪುಟದ ಸಂಖ್ಯೆ, ನೀವು ಅದನ್ನು ಎಲ್ಲಿ ಬಳಸುತ್ತೀರಿ ಅನ್ನುವುದನ್ನು ಮೊದಲ ಪತ್ರದಲ್ಲೇ ಹೇಳಿಬಿಡಿ.